ಚೀಟಿ ಎತ್ತೋದನ್ನ ತೋರಿಸಿ, ಮಗುವಿನ ಹೆಸರನ್ನಲ್ಲ

ಪ್ರಶ್ನೆ: ನಮ್ಮ ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಲು ಅರ್ಜಿ ಹಾಕಿದ್ದೆವು. 40 ಸೀಟು, 180 ಅರ್ಜಿ. ಹೋದ ವರ್ಷ ಇದೇ ಶಾಲೆ ಸೀಟು ಸಿಕ್ಕವರು, ಸಿಗದವರು ಎಲ್ಲರ ಪಟ್ಟಿಯನ್ನೂ ಹೆಸರು, ಹುಟ್ಟಿದ ದಿನ, ಅಪ್ಪ-ಅಮ್ಮನ ಹೆಸರು, ವಿಳಾಸದ ಸಮೇತ ವೆಬ್‌ಸೈಟಿಗೆ ಹಾಕಿತ್ತು. ಕೆಲವರು ತಕರಾರು ತೆಗೆದರು. ಈ ವರ್ಷ ಲಾಟರಿ ಆಫೀಸಿನ ಒಳಗೇ ಕಂಪ್ಯೂಟರಿನಲ್ಲಿ ಆಯಿತು. ಹೊರಗೆ ಅಂಟಿಸಿದ್ದು ಬರೀ 40 ಅರ್ಜಿ ನಂಬರ್. ಅದರಲ್ಲಿ 22, 23, 24 ಸಾಲಾಗಿ ಬಂದಿವೆ! ಹೇಗೆ ಎತ್ತಿದಿರಿ ಅಂತ ಕೇಳಿದರೆ 'ಮಕ್ಕಳ ಖಾಸಗಿತನದ ವಿಷಯ, ಹೇಳುವ ಹಾಗಿಲ್ಲ' ಅಂದರು. ಇದು ನಿಜವಾದ ಕಾರಣವಾ, ನೆಪವಾ? ಖಾಸಗಿತನ, ಪಾರದರ್ಶಕತೆ ಎರಡೂ ಒಟ್ಟಿಗೆ ಇರೋಕೆ ಸಾಧ್ಯವೇ ಇಲ್ವಾ?

ಉತ್ತರ: ಮೊದಲು ಆ 22, 23, 24ರ ಸಂಗತಿ ಮುಗಿಸಿಬಿಡೋಣ. ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇಂಥ ಅನುಮಾನಗಳೇ. 180 ನಂಬರುಗಳಲ್ಲಿ 40ನ್ನು ಪೂರ್ತಿ ಅದೃಷ್ಟಕ್ಕೆ ಬಿಟ್ಟು ಎತ್ತಿದರೂ, ಅಕ್ಕಪಕ್ಕದ ಎರಡು ನಂಬರ್ ಒಟ್ಟಿಗೆ ಬರುವ ಜೋಡಿಗಳು ಸರಾಸರಿ ಎಂಟು-ಒಂಬತ್ತು ಇರುತ್ತವೆ. ಮೂರು ನಂಬರ್ ಸಾಲಾಗಿ ಬರುವುದೂ ಸರಾಸರಿ ಎರಡರ ಹತ್ತಿರ. ಒಂದು ಜೋಡಿಯೂ ಇಲ್ಲದೆ, ಅಳತೆ ಹಿಡಿದು ಹರಡಿದ ಹಾಗೆ 40 ನಂಬರ್ ಬಂದಿದ್ದರೆ ನನಗೆ ಅನುಮಾನ ಬರುತ್ತಿತ್ತು. ಅದೃಷ್ಟ ಅನ್ನುವುದು ಗುಂಪು ಗುಂಪಾಗಿಯೇ ಬೀಳುತ್ತದೆ.

ಹಾಗಂತ ಲಾಟರಿ ಸರಿಯಾಗಿಯೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಸಾಲಾಗಿ ಬಂದ ನಂಬರ್ ಮೋಸಕ್ಕೆ ಸಾಕ್ಷಿ ಆಗುವುದಿಲ್ಲ, ಅಷ್ಟೇ. ಮೋಸ ಆಗಿಲ್ಲ ಅನ್ನುವುದಕ್ಕೂ ನಿಮ್ಮ ಕೈಯಲ್ಲಿ ಸಾಕ್ಷಿ ಇಲ್ಲ. ತೊಂದರೆ ಇರುವುದು ಅಲ್ಲಿ. ಒಳಗೆ ಕೂತವರು ನೂರಕ್ಕೆ ನೂರು ಪ್ರಾಮಾಣಿಕರೇ ಇದ್ದರೂ ಅದನ್ನು ತೋರಿಸುವ ದಾರಿಯನ್ನು ಅವರೇ ಮುಚ್ಚಿಕೊಂಡಿದ್ದಾರೆ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮಕ್ಕಳ ಖಾಸಗಿತನ ನಿಜವಾದ ಕಾರಣವೇ. ಆದರೆ ನೀವು ಕೇಳಿದ ಪ್ರಶ್ನೆಗೂ ಅದಕ್ಕೂ ಸಂಬಂಧವೇ ಇಲ್ಲ. ನೀವು ಕೇಳಿದ್ದು 'ಹೇಗೆ ಎತ್ತಿದಿರಿ' ಅಂತ, 'ಯಾರ ಮಗು' ಅಂತಲ್ಲ. ಹೋದ ವರ್ಷ ಮಕ್ಕಳನ್ನು ತೋರಿಸಿ ಲಾಟರಿಯನ್ನು ಮುಚ್ಚಿಟ್ಟರು. ಈ ವರ್ಷ ಎರಡನ್ನೂ ಮುಚ್ಚಿಟ್ಟರು. ಹೋದ ವರ್ಷದ ಪಟ್ಟಿಯಲ್ಲಿ ಎಲ್ಲರ ಹೆಸರು ಇದ್ದರೂ ಅದನ್ನು ನೋಡಿ ಚೀಟಿ ಸರಿಯಾಗಿ ಎತ್ತಿದರೋ ಇಲ್ಲವೋ ಯಾರಿಗಾದರೂ ಗೊತ್ತಾಯಿತಾ? ಇಲ್ಲ. ಮಕ್ಕಳ ವಿವರ ಸುಮ್ನೆ ಬೀದಿಗೆ ಬಂತು.

ಒಂದು ಹಳೇ ಉದಾಹರಣೆ ಹೇಳುತ್ತೇನೆ. ಶಾಲೆಯದ್ದಲ್ಲ, ಆದರೆ ಲಾಟರಿ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನಾನು ನೋಡಿಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಯಾವ ಯುವಕರನ್ನು ಮೊದಲು ಸೈನ್ಯಕ್ಕೆ ಕರೆಯಬೇಕು ಅಂತ ಲಾಟರಿ ಎತ್ತಿದರು. ಹೆಸರುಗಳನ್ನು ಎತ್ತಲಿಲ್ಲ, ವರ್ಷದ 366 ದಿನಾಂಕಗಳನ್ನು ಪ್ಲಾಸ್ಟಿಕ್ ಗುಳಿಗೆಗಳಲ್ಲಿ ತುಂಬಿಸಿ ಎತ್ತಿದರು. ಯಾರ ಹುಟ್ಟಿದ ದಿನ ಮೊದಲು ಬಂತೋ ಅವರಿಗೆ ಮೊದಲು ಕರೆ. ಜನವರಿಯಿಂದ ಶುರು ಮಾಡಿ ತಿಂಗಳು ತಿಂಗಳಾಗಿ ಹಾಕಿದ್ದರು, ಸರಿಯಾಗಿ ಕಲಸಿರಲಿಲ್ಲ. ಕೊನೆಗೆ ಹಾಕಿದ ಡಿಸೆಂಬರ್ ಗುಳಿಗೆಗಳು ಬೇಗ ಬೇಗ ಕೈಗೆ ಸಿಕ್ಕವು. ಕರೆ ಹೋಗಿದ್ದು 195ನೆಯದಾಗಿ ಬಂದ ದಿನಾಂಕದವರೆಗೆ. ಡಿಸೆಂಬರಿನ 31 ದಿನಗಳಲ್ಲಿ ಪಾರಾಗಿದ್ದು 5 ಮಾತ್ರ. ಚೆನ್ನಾಗಿ ಕಲಸಿದ್ದರೆ 14ರಷ್ಟು ದಿನ ಪಾರಾಗಬೇಕಿತ್ತು.

ಈ ತಪ್ಪು ಹೊರಗೆ ಬಂದಿದ್ದು ಹೇಗೆ? 366 ದಿನಾಂಕಗಳು ಯಾವ ಕ್ರಮದಲ್ಲಿ ಬಂದವು ಅನ್ನುವ ಪೂರ್ತಿ ಪಟ್ಟಿ ಎಲ್ಲರ ಮುಂದಿತ್ತು. ಲೆಕ್ಕ ಗೊತ್ತಿದ್ದವರು ಕೂತು ಲೆಕ್ಕ ಹಾಕಿದರು. ಅದಕ್ಕೆ ಒಬ್ಬ ಹುಡುಗನ ಹೆಸರೂ ಬೇಕಾಗಲಿಲ್ಲ ನೋಡಿ. ನಿಮ್ಮ ಶಾಲೆ ಅಂಟಿಸಿದ್ದು ಗೆದ್ದ 40 ನಂಬರ್ ಮಾತ್ರ, ಬಹುಶಃ ಏರಿಕೆಯ ಕ್ರಮದಲ್ಲಿ ಜೋಡಿಸಿ. 180 ನಂಬರುಗಳೂ ಬಂದ ಕ್ರಮ ಇರಬೇಕಿತ್ತು.

ಕಂಪ್ಯೂಟರ್ ಆದರೆ ಕಲಸುವ ತೊಂದರೆ ಇಲ್ಲವಲ್ಲ ಅನ್ನಬಹುದು. 2011ರ ಮೇ ತಿಂಗಳಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ತನ್ನ ವೀಸಾ ಲಾಟರಿಯ ಫಲಿತಾಂಶವನ್ನೇ ರದ್ದು ಮಾಡಬೇಕಾಯಿತು. ಅರ್ಜಿಗೆ 30 ದಿನ ಸಮಯ ಇತ್ತು. ಪ್ರೋಗ್ರಾಮಿನ ದೋಷದಿಂದ ಆಯ್ಕೆಯಾದವರಲ್ಲಿ ಶೇಕಡಾ 90 ಮಂದಿ ಮೊದಲ ಎರಡೇ ದಿನಗಳಲ್ಲಿ ಅರ್ಜಿ ಹಾಕಿದವರು. 'ನೀವು ಗೆದ್ದಿದ್ದೀರಿ' ಅಂತ ಸುಮಾರು 22,000 ಜನರಿಗೆ ಆಗಲೇ ಹೇಳಿಯಾಗಿತ್ತು. ಇದರಲ್ಲಿ ಯಾರ ಮೋಸವೂ ಇರಲಿಲ್ಲ, ಬರೀ ತಪ್ಪು. ಮೋಸವೇ ಬೇಕಾದರೆ ಅದೂ ಇದೆ: ಅಮೆರಿಕದ ಒಂದು ದೊಡ್ಡ ಹಣದ ಲಾಟರಿಯಲ್ಲಿ ಭದ್ರತಾ ವಿಭಾಗದ ಮುಖ್ಯಸ್ಥನೇ ಸಾಫ್ಟ್‌ವೇರಿನೊಳಗೆ ಕೆಲವು ಸಾಲು ಸೇರಿಸಿದ್ದ. ವರ್ಷದ ಕೆಲವೇ ನಿರ್ದಿಷ್ಟ ದಿನಗಳಲ್ಲಿ ಬರುವ ಸಂಖ್ಯೆಗಳು ಅವನಿಗೆ ಮೊದಲೇ ಅಂದಾಜಾಗುತ್ತಿದ್ದವು. 2017ರಲ್ಲಿ ತಪ್ಪೊಪ್ಪಿಕೊಂಡ, ಜೈಲಿಗೆ ಹೋದ.

ಆದರೆ ಶಾಲೆಯ ಲಾಟರಿಯಲ್ಲಿ ಮೋಸ ಮಾಡೋಕೆ ಅಷ್ಟು ಬುದ್ಧಿ ಏನೂ ಬೇಡ. ಒಂದು ಸಲ ಬಟನ್ ಒತ್ತಿ, ಬಂದ ಪಟ್ಟಿ ಇಷ್ಟವಾಗದಿದ್ದರೆ ಇನ್ನೊಂದು ಸಲ ಒತ್ತಿದರೆ ಆಯಿತು. ಬೇಕಾದ ಮಗುವಿನ ನಂಬರ್ ಬರುವ ತನಕ ಒತ್ತುತ್ತಿರಬಹುದು. ನಿಮ್ಮ ಲೆಕ್ಕದಲ್ಲಿ ಒಂದು ಮಗುವಿಗೆ ಸೀಟು ಸಿಗುವ ಸಾಧ್ಯತೆ ಒಂಬತ್ತರಲ್ಲಿ ಎರಡು. ಅಂದರೆ ಸರಾಸರಿ ನಾಲ್ಕೈದು ಸಲ ಒತ್ತುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಸಾಫ್ಟ್‌ವೇರ್ ತಿದ್ದಿಲ್ಲ, ಪಟ್ಟಿ ತಿದ್ದಿಲ್ಲ, ಯಾವ ತಜ್ಞ ಬಂದು ನೋಡಿದರೂ ಆ ಕೊನೆಯ ಪಟ್ಟಿಯಲ್ಲಿ ದೋಷ ಕಾಣುವುದಿಲ್ಲ. ಬಾಗಿಲು ಹಾಕಿದ ಕೋಣೆಗೆ ನನ್ನ ಆಕ್ಷೇಪ ಇರುವುದು ಈ ಕಾರಣಕ್ಕೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ರೂಪಿಸುವ ಐಇಟಿಎಫ್ ತನ್ನ ಒಂದು ಸಮಿತಿಗೆ ಸದಸ್ಯರನ್ನು ಲಾಟರಿ ಎತ್ತಿಯೇ ಆರಿಸುತ್ತದೆ. ಯಾರು ಬೇಕಾದರೂ ಮನೆಯಲ್ಲಿ ಕೂತು ಪರೀಕ್ಷಿಸುವ ಹಾಗೆ ಅದನ್ನು ಹೇಗೆ ಎತ್ತಬೇಕು ಅನ್ನುವುದು 2004ರ ಆರ್‌ಎಫ್‌ಸಿ 3797 ಅನ್ನುವ ದಾಖಲೆಯಲ್ಲಿದೆ. ಅದನ್ನೇ ಶಾಲೆಗೆ ಇಳಿಸಿದರೆ ಹೇಗಿರುತ್ತದೆ ನೋಡಿ.

ಅರ್ಜಿ ಕೊಟ್ಟಾಗ ನಿಮಗೊಂದು ರಸೀದಿ ಸಿಗುತ್ತದೆ. ಅದರಲ್ಲಿ ಒಂದು ಟೋಕನ್ ಇದೆ, 'ತಪ 5813' ಅಂತ ಇಟ್ಟುಕೊಳ್ಳಿ. ಇದು ಕ್ರಮಸಂಖ್ಯೆ ಆಗಿರಬಾರದು. ಕ್ರಮಸಂಖ್ಯೆ ಆದರೆ ನಿಮ್ಮ ಹಿಂದೆ ಕ್ಯೂನಲ್ಲಿ ನಿಂತವರ ನಂಬರ್ ನಿಮಗೆ ಗೊತ್ತೇ ಇರುತ್ತದೆ. ಗಡುವು ಮುಗಿದ ದಿನ ಶಾಲೆ 180 ಟೋಕನ್‌ಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತದೆ. ಅಲ್ಲಿಗೆ ಪಟ್ಟಿ ಲಾಕ್. ನೀವು ನೋಡಿ 'ಹಾಂ, ನಮ್ಮದು ಇದೆ' ಅಂದುಕೊಳ್ಳುತ್ತೀರಿ. ಜೊತೆಗೇ ಲಾಟರಿಯ ಸೂತ್ರವನ್ನೂ ಹಾಕುತ್ತಾರೆ.

ಮಾರನೇ ದಿನ ಎಲ್ಲರೂ ಸೇರುತ್ತೀರಿ. ಹತ್ತು ಜನ ಪೋಷಕರು ಒಬ್ಬೊಬ್ಬರಾಗಿ ಬಂದು ಒಂದೊಂದು ದಾಳ ಉರುಳಿಸುತ್ತಾರೆ. ಮಕ್ಕಳ ಕೈಲಿ ಕೊಟ್ಟರೆ ಇನ್ನೂ ಚೆಂದ, ಮೇಜಿನ ಕೆಳಗೆ ಹೋದ ದಾಳ ಹುಡುಕೋಕೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ ಅಷ್ಟೇ. 4, 1, 6, 6, 2, 5, 3, 1, 1, 4 ಬಂತು ಅನ್ನಿ. ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಹತ್ತು ದಾಳಕ್ಕೆ ಆರು ಕೋಟಿಗೂ ಮೀರಿದ ಸಾಧ್ಯತೆಗಳಿವೆ, ಯಾವುದು ಬರುತ್ತದೆ ಅಂತ ಪಟ್ಟಿ ಲಾಕ್ ಮಾಡಿದ ದಿನ ಯಾರಿಗೂ ಗೊತ್ತಿರಲಿಲ್ಲ.

ಈಗ ಸೂತ್ರ. ದಾಳದ ಈ ಹತ್ತು ಅಂಕಿಗಳ ಮುಂದೆ ಒಂದೊಂದೇ ಟೋಕನ್ ಸೇರಿಸಿ ಹ್ಯಾಶ್ ಮಾಡುವುದು. ಹ್ಯಾಶ್ ಅಂದರೆ ಬರಹದ ಬೆರಳಚ್ಚು ಅಂದುಕೊಳ್ಳಿ. ಎಸ್‌ಎಚ್‌ಎ-256 ಅನ್ನುವ ಲೆಕ್ಕಕ್ಕೆ ಯಾವ ಬರಹ ಕೊಟ್ಟರೂ ಒಂದು ಉದ್ದದ ಸಂಖ್ಯೆ ಬರುತ್ತದೆ. ಅದೇ ಬರಹಕ್ಕೆ ಯಾವಾಗಲೂ ಅದೇ ಸಂಖ್ಯೆ. ಒಂದೇ ಅಕ್ಷರ ಬದಲಾದರೂ ಸಂಬಂಧವೇ ಇಲ್ಲದ ಇನ್ನೊಂದು ಸಂಖ್ಯೆ. 180 ಟೋಕನ್‌ಗಳಿಗೂ ಹೀಗೆ ಸಂಖ್ಯೆ ತೆಗೆದು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಮೊದಲ 40 ಸೀಟು, 41ರಿಂದ ವೇಟಿಂಗ್ ಲಿಸ್ಟ್. ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲೂ ಇದೇ ಉತ್ತರ ಬರಬೇಕು. ಶಾಲೆಯ ಸಾಫ್ಟ್‌ವೇರನ್ನು ನಂಬುವ ಅಗತ್ಯವೇ ಇಲ್ಲ. ಎರಡನೇ ಸಲ ಬಟನ್ ಒತ್ತಿದರೂ ಬರುವುದು ಅದೇ ಪಟ್ಟಿ.

ಇಲ್ಲಿ ಎಲ್ಲಾ ನಿಂತಿರುವುದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ. ದಾಳ ಮೊದಲು ಉರುಳಿಸಿ ಟೋಕನ್ ಆಮೇಲೆ ಹಂಚಿದರೆ ಅದೃಷ್ಟದ ಟೋಕನ್ ಬೇಕಾದವರ ಕೈಗೆ ಹೋಗುತ್ತದೆ. ಎಷ್ಟೋ ಕಡೆ ಸೂತ್ರ ಸರಿಯಾಗಿಯೇ ಇರುತ್ತದೆ, ಹಿಂದುಮುಂದು ಮಾಡಿರುತ್ತಾರೆ.

ನ್ಯೂಯಾರ್ಕ್ ನಗರದ ಶಾಲಾ ಪ್ರವೇಶದಲ್ಲಿ ಪ್ರತಿ ಅರ್ಜಿಗೂ 32 ಅಕ್ಷರ-ಅಂಕಿಗಳ ಉದ್ದದ ಒಂದು ಲಾಟರಿ ಸಂಖ್ಯೆ ಕೊಡುತ್ತಾರೆ, ಅದನ್ನು ಆಯಾ ಮನೆಯವರು ನೋಡಬಹುದು. ಮೊದಲ ಎರಡು ಅಕ್ಷರ ನೋಡಿದರೆ ತಮ್ಮ ಮಗು ಸಾಲಿನಲ್ಲಿ ಸುಮಾರು ಎಲ್ಲಿದೆ ಅಂತ ಅಂದಾಜಾಗುತ್ತದೆ. ಅವರವರ ಸಂಖ್ಯೆ ಅವರವರಿಗೆ, ಬೇರೆ ಮಕ್ಕಳ ಸುದ್ದಿ ಯಾರಿಗೂ ಇಲ್ಲ. ಇದು ಒಳ್ಳೆಯದೇ. ಆದರೆ ನನ್ನ ಸಂಖ್ಯೆ ನನಗೆ ಕಂಡರೆ ಸಾಲದು, ಅದು ಹುಟ್ಟಿದ್ದು ಹೇಗೆ ಅಂತಲೂ ಕಾಣಬೇಕು. ದಾಳ ಬೇಕಾಗುವುದು ಅದಕ್ಕೇ.

ಹೆಸರಿನ ಬದಲು ಹೆಸರು ಮತ್ತು ಹುಟ್ಟಿದ ದಿನದ ಹ್ಯಾಶ್ ಹಾಕಿದರೆ ಆಗಲ್ವಾ, ಯಾರಿಗೂ ಓದೋಕೆ ಬರಲ್ಲ ಅಂತ ಕೆಲವು ಶಾಲೆಯವರು ಕೇಳುತ್ತಾರೆ. ಬೇಡ. 2014ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಓಡಾಟದ ದಾಖಲೆಗಳು ಹೊರಗೆ ಬಂದವು, ಕೋಟಿಗಟ್ಟಲೆ ಪ್ರಯಾಣಗಳದ್ದು. ಗಾಡಿ ನಂಬರುಗಳನ್ನು ಹ್ಯಾಶ್ ಮಾಡಿಯೇ ಕೊಟ್ಟಿದ್ದರು. ಸಾಧ್ಯವಿರುವ ನಂಬರುಗಳೇ ಕಡಿಮೆ, ಆದ್ದರಿಂದ ಅವನ್ನೆಲ್ಲಾ ಒಂದೊಂದಾಗಿ ಹ್ಯಾಶ್ ಮಾಡಿ ಹೊಂದಿಸಿ ನೋಡಿದವರಿಗೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಸಿಕ್ಕಿಬಿಟ್ಟಿತು. ಒಂದನೇ ಕ್ಲಾಸಿಗೆ ಬರುವ ಮಕ್ಕಳು ಹೆಚ್ಚುಕಡಿಮೆ ಒಂದೇ ವರ್ಷದೊಳಗೆ ಹುಟ್ಟಿದವರು, ಅಂದರೆ 365 ದಿನಾಂಕ. ಪಕ್ಕದ ಮನೆ ಮಗುವಿನ ಹೆಸರು ನಿಮಗೆ ಗೊತ್ತು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೂ 365 ಸಲ ಪ್ರಯತ್ನ ಮಾಡಿದರೆ ಸಿಗುತ್ತದೆ. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟು ಕೆಲಸ.

ಹುಟ್ಟಿದ ದಿನವನ್ನು ನಾವು ತುಂಬಾ ಹಗುರವಾಗಿ ನೋಡುತ್ತೇವೆ. ಅಮೆರಿಕದ ಸಂಶೋಧಕಿ ಲತಾನ್ಯ ಸ್ವೀನಿ 2000ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಪಿನ್‌ಕೋಡ್, ಹುಟ್ಟಿದ ದಿನ, ಹೆಣ್ಣೋ ಗಂಡೋ ಅನ್ನುವುದು, ಈ ಮೂರೇ ಇದ್ದರೆ ಆ ದೇಶದ ಶೇಕಡಾ 87 ಜನರನ್ನು ಗುರುತಿಸುವ ಸಾಧ್ಯತೆ ಇತ್ತು. ನಿಮ್ಮ ಶಾಲೆಯ ಹೋದ ವರ್ಷದ ಪಟ್ಟಿಯಲ್ಲಿ ವಿಳಾಸ, ಹುಟ್ಟಿದ ದಿನ ಎರಡೂ ಇದ್ದವು, ಮೇಲೆ ಹೆಸರು ಬೇರೆ. ಹೆಣ್ಣೋ ಗಂಡೋ ಅನ್ನುವುದು ಹೆಸರಿನಿಂದಲೇ ಹೆಚ್ಚುಕಡಿಮೆ ತಿಳಿಯುತ್ತದೆ.

ನನ್ನದೊಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ ಒಂದು ಶಾಲೆಯವರು ಸಲಹೆ ಕೇಳಿದಾಗ 'ಎಲ್ಲವನ್ನೂ ಹೆಸರಿನ ಸಮೇತ ಹಾಕಿಬಿಡಿ, ಆಮೇಲೆ ಯಾರೂ ಮಾತಾಡಲ್ಲ' ಅಂತ ಹೇಳಿದವನು ನಾನೇ. ಹಾಕಿದ ಮೂರನೇ ದಿನ ಒಬ್ಬ ತಾಯಿ ಶಾಲೆಗೆ ಬಂದು ಹೆಸರು ತೆಗೀರಿ ಅಂತ ಅತ್ತರಂತೆ. ಹೊಡೆಯುವ ಗಂಡನನ್ನು ಬಿಟ್ಟು ಮಗುವಿನ ಜೊತೆ ಊರು ಬದಲಿಸಿ ಬಂದಿದ್ದರು. ಆ ಪಟ್ಟಿಯಲ್ಲಿ ಮಗುವಿನ ಹೆಸರು, ಯಾವ ಶಾಲೆ ಅನ್ನುವುದು, ತರಗತಿ ಶುರುವಾಗುವ ದಿನ ಎಲ್ಲಾ ಇತ್ತು. ಹುಡುಕುವವನಿಗೆ ಇನ್ನೇನು ಬೇಕು? ಪಟ್ಟಿಯನ್ನು ಅವತ್ತೇ ತೆಗೆದರು. ಅಷ್ಟರಲ್ಲಿ ಅದರ ಫೋಟೋ ಎಷ್ಟು ಜನರ ಫೋನಿಗೆ ಹೋಗಿತ್ತೋ. ಅವತ್ತಿನಿಂದ ನಾನು ಆ ಸಲಹೆ ಕೊಟ್ಟಿಲ್ಲ.

ಸೀಟು ಸಿಗದ ಮಕ್ಕಳ ಪಟ್ಟಿಯಂತೂ ಯಾಕೆ ಬೇಕು ಅಂತಲೇ ನನಗೆ ಅರ್ಥವಾಗುವುದಿಲ್ಲ. ಶಾಲೆಯ ಬೋರ್ಡಿಗೆ ಅಂಟಿಸಿದ ಹಾಳೆ ಮಳೆಗೆ ನೆನೆದು ಹೋಗುತ್ತದೆ, ಅದನ್ನು ನೋಡಿದವರು ಅಲ್ಲಿಗೆ ಬಂದವರು ಮಾತ್ರ. ವೆಬ್‌ಸೈಟಿಗೆ ಹಾಕಿದ್ದು ಆ ಮಗು ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿಗೆ ಬಂದಾಗಲೂ ಹೆಸರು ಹುಡುಕಿದರೆ ಸಿಗಬಹುದು.

ಟೋಕನ್ ಪದ್ಧತಿಯಲ್ಲೂ ತೂತುಗಳಿವೆ. ಅದನ್ನು ಮುಚ್ಚಿಟ್ಟರೆ ನಾನೂ ನಿಮ್ಮ ಶಾಲೆಯ ಹಾಗೇ ಆಗುತ್ತೇನೆ.

ಒಂದು, ಶಾಲೆ ಒಂದೇ ಟೋಕನನ್ನು ಎರಡು ಮನೆಗೆ ಕೊಡಬಹುದು. ನೀವು ಪಟ್ಟಿ ನೋಡಿ ನಮ್ಮದು ಇದೆ ಅಂತೀರಿ, ಇನ್ನೊಬ್ಬರೂ ಅದೇ ಸಾಲು ನೋಡಿ ನಮ್ಮದು ಇದೆ ಅಂತಾರೆ. ಇಬ್ಬರ ಮಧ್ಯೆ ಒಂದೇ ಚೀಟಿ. ಮತದಾನದ ರಸೀದಿಗಳ ವಿಷಯದಲ್ಲೂ ಈ ಥರದ ಮೋಸದ ಬಗ್ಗೆ ತಜ್ಞರು ತಲೆ ಕೆಡಿಸಿಕೊಂಡಿದ್ದಾರೆ. ರಸೀದಿಯಲ್ಲಿ ಟೋಕನ್ ಜೊತೆಗೆ ಒಂದು ಉದ್ದದ ಗುಟ್ಟಿನ ಸಂಖ್ಯೆ ಮುದ್ರಿಸಿ, ಮಗುವಿನ ಹೆಸರು ಮತ್ತು ಆ ಗುಟ್ಟಿನ ಸಂಖ್ಯೆ ಎರಡನ್ನೂ ಸೇರಿಸಿ ಮಾಡಿದ ಹ್ಯಾಶನ್ನು ಪಟ್ಟಿಯಲ್ಲಿ ಟೋಕನ್ ಪಕ್ಕಕ್ಕೆ ಹಾಕಿದರೆ ಈ ತೂತು ಮುಚ್ಚುತ್ತದೆ. ಆ ಸಾಲು ನನ್ನ ಮಗುವಿನದ್ದೇ ಅಂತ ನಾನು ಪರೀಕ್ಷಿಸಬಲ್ಲೆ. ಗುಟ್ಟಿನ ಸಂಖ್ಯೆ ಗೊತ್ತಿಲ್ಲದವರಿಗೆ ಟ್ಯಾಕ್ಸಿ ನಂಬರಿನ ಹಾಗೆ ಬಿಡಿಸೋಕೆ ಆಗುವುದಿಲ್ಲ.

ಎರಡನೆಯದು ದೊಡ್ಡದು. 180 ಟೋಕನ್‌ಗಳ ಹಿಂದೆ ನಿಜವಾಗಿ 180 ಮಕ್ಕಳು ಇದ್ದಾರಾ? ಒಂದೇ ಮಗುವಿಗೆ ಐದು ಅರ್ಜಿ ಇದ್ದರೆ? ಇದನ್ನು ಯಾವ ಗಣಿತವೂ ಹೇಳುವುದಿಲ್ಲ. ಹೆಸರು ನೋಡಲೇಬೇಕು, ಆದರೆ ಎಲ್ಲರೂ ನೋಡಬೇಕಾಗಿಲ್ಲ. ಶಾಲೆಗೂ ಅರ್ಜಿದಾರರಿಗೂ ಸಂಬಂಧ ಇಲ್ಲದ ಒಬ್ಬರೋ ಇಬ್ಬರೋ ಕೂತು ಅರ್ಜಿ, ಟೋಕನ್, ಹುಟ್ಟಿದ ದಾಖಲೆ ಎಲ್ಲಾ ತಾಳೆ ನೋಡಿ 'ಸರಿ ಇದೆ' ಅಂತ ಸಹಿ ಹಾಕಿದರೆ ಸಾಕು. ತರಗತಿ ಶುರುವಾದ ಮೇಲೆ ಇನ್ನೊಂದು ಸಲ ಬಂದು, ಬೆಂಚಿನ ಮೇಲೆ ಕೂತ 40 ಮಕ್ಕಳು ಅದೇ 40 ಟೋಕನ್‌ಗಳವರಾ ಅಂತ ನೋಡಬೇಕು. ಈ ಎರಡನೇ ಭೇಟಿಯನ್ನು ಎಲ್ಲರೂ ಮರೆಯುತ್ತಾರೆ.

ಅವಳಿ ಮಕ್ಕಳಿಗೆ ಒಂದು ಚೀಟಿಯೋ ಎರಡೋ ಅನ್ನುವುದನ್ನು ಮೊದಲೇ ಬರೆದಿಟ್ಟರೆ ಸಾಕು. ಎರಡಕ್ಕೂ ನ್ಯಾಯ ಹೇಳಬಹುದು, ದಾಳ ಬಿದ್ದ ಮೇಲೆ ಮಾತ್ರ ಬದಲಿಸಬಾರದು.

ಖಾಸಗಿತನವೂ ಪಾರದರ್ಶಕತೆಯೂ ನಿಜವಾಗಿ ಡಿಕ್ಕಿ ಹೊಡೆಯುವ ಜಾಗ ಒಂದಿದೆ: ಆದ್ಯತೆಯ ಸೀಟುಗಳು. ಅಂಗವಿಕಲ ಮಕ್ಕಳಿಗೆ ಅಂತ 2 ಸೀಟು ಇದೆ, 3 ಅರ್ಜಿ ಬಂದಿವೆ ಅನ್ನಿ. ಟೋಕನ್ ಪಕ್ಕದಲ್ಲಿ ಅದನ್ನು ಬರೆದರೆ ತರಗತಿ ಶುರುವಾದ ವಾರದಲ್ಲೇ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಹೊರಗೆ ಕಾಣದ ಕಾಯಿಲೆ ಆದರಂತೂ ಶಾಲೆಯೇ ಡಂಗುರ ಸಾರಿದ ಹಾಗೆ. ಬಡತನದ ಆಧಾರದ ಮೇಲೆ ಶುಲ್ಕ ಮಾಫಿ ಆದ ಮಗುವಿಗೂ ಅಷ್ಟೇ, ಹಣೆಪಟ್ಟಿ ಹತ್ತು ವರ್ಷ ಜೊತೆಗೆ ಕೂತಿರುತ್ತದೆ. ಬರೆಯದಿದ್ದರೆ ಆದ್ಯತೆಯ ಹೆಸರಿನಲ್ಲಿ ಬೇಕಾದವರನ್ನು ಒಳಗೆ ಬಿಟ್ಟುಕೊಳ್ಳಲು ದಾರಿ ಆಗುತ್ತದೆ. ಎರಡೂ ಕಡೆ ನಷ್ಟ ಇದೆ. ನಾನು ಇಲ್ಲಿ ಮಗುವಿನ ಪಕ್ಷ. ಯಾವ ವಿಭಾಗಕ್ಕೆ ಎಷ್ಟು ಸೀಟು ಹೋಯಿತು ಅನ್ನುವ ಲೆಕ್ಕ ಮಾತ್ರ ಹೊರಗೆ ಬರಲಿ. ಸಂಖ್ಯೆ ಒಂದೆರಡೇ ಆದರೆ ಅದನ್ನೂ ಬಿಡಿಸದೆ ಒಟ್ಟಾಗಿ ಹೇಳಲಿ. ದಾಖಲೆ ಸಾಚಾನಾ ಅನ್ನುವುದನ್ನು ಆ ಹೊರಗಿನ ಪರಿಶೀಲಕರು ನೋಡಲಿ. ಅಣ್ಣ-ಅಕ್ಕ ಅದೇ ಶಾಲೆಯಲ್ಲಿ ಇದ್ದಾರೆ ಅನ್ನುವ ಆದ್ಯತೆಯಲ್ಲಿ ಗುಟ್ಟೇನಿಲ್ಲ, ಅದನ್ನು ಲಾಟರಿಗೆ ಮೊದಲೇ ಎಣಿಸಿ ಹೇಳಬಹುದು. ನಿಮ್ಮ 22, 23, 24ರಲ್ಲಿ ಇಂಥದ್ದೂ ಇದ್ದಿರಬಹುದು ಅಲ್ವಾ?

ಇನ್ನು ನೀವು ಈಗ ಏನು ಮಾಡಬಹುದು. ಈ ವರ್ಷ ದಾಳದಂಥ ಸಾರ್ವಜನಿಕ ಸಂಖ್ಯೆ ಬಳಸಿಲ್ಲ ಅಂದಮೇಲೆ ಆದ ಲಾಟರಿಯನ್ನು ಹಿಂದಕ್ಕೆ ಹೋಗಿ ಪರೀಕ್ಷಿಸಲು ಆಗುವುದಿಲ್ಲ. ಅದಕ್ಕಾಗಿ ಜಗಳ ಆಡಿ ಶಕ್ತಿ ಕಳೆದುಕೊಳ್ಳಬೇಡಿ. ಒಂದು ಪುಟದ ಪತ್ರ ಬರೆದು ಯಾವ ಮಗುವಿನ ಹೆಸರೂ ಬೇಕಿಲ್ಲದ ಪ್ರಶ್ನೆಗಳನ್ನು ಮಾತ್ರ ಕೇಳಿ. ಪಟ್ಟಿ ಯಾವಾಗ ಮುಚ್ಚಿದಿರಿ, ಪ್ರೋಗ್ರಾಮನ್ನು ಎಷ್ಟು ಸಲ ಓಡಿಸಿದಿರಿ, ಆಗ ಕೋಣೆಯಲ್ಲಿ ಯಾರ್ಯಾರು ಇದ್ದರು, ಲಾಟರಿಗೆ ಮೊದಲೇ ಆದ್ಯತೆಯಲ್ಲಿ ಹೋದ ಸೀಟು ಎಷ್ಟು. ಇವಕ್ಕೂ ಖಾಸಗಿತನ ಅಂದರೆ ಆಗ ಅದು ನೆಪ ಅಂತ ನೀವು ಧೈರ್ಯವಾಗಿ ಹೇಳಬಹುದು.

ಎಲ್ಲಕ್ಕಿಂತ ಮೊದಲು ವೇಟಿಂಗ್ ಲಿಸ್ಟ್ ಬಗ್ಗೆ ಕೇಳಿ, ಅದಿನ್ನೂ ಜೀವಂತ ಇದೆ. 40ರಲ್ಲಿ ಕೆಲವರು ಬೇರೆ ಕಡೆ ಸೇರುತ್ತಾರೆ, ಸೀಟು ಖಾಲಿ ಆಗುತ್ತದೆ. ಅದು 41ನೆಯವರಿಗೆ ಹೋಗುತ್ತದೋ, ಪ್ರಿನ್ಸಿಪಾಲರ ಕೋಣೆಯಲ್ಲಿ ಮಾತಾಡಿದವರಿಗೆ ಹೋಗುತ್ತದೋ? ಲಾಟರಿ ದಿನ ಎಲ್ಲರ ಕಣ್ಣು ಇರುತ್ತದೆ, ಆರು ವಾರ ಆದಮೇಲೆ ಯಾರದ್ದೂ ಇರುವುದಿಲ್ಲ. 41ನೇ ಸ್ಥಾನದಿಂದ 180ನೇ ಸ್ಥಾನದವರೆಗೆ ಬಂದ ಅರ್ಜಿ ನಂಬರುಗಳನ್ನು ಕ್ರಮವಾಗಿ ಈಗಲೇ ಅಂಟಿಸಲಿ. ಖಾಲಿಯಾದ ಪ್ರತಿ ಸೀಟು ಯಾವ ನಂಬರಿಗೆ ಹೋಯಿತು ಅಂತ ಅದೇ ಹಾಳೆಯ ಮೇಲೆ ದಿನಾಂಕ ಹಾಕಿ ಬರೆಯಲಿ. ನಿಮ್ಮ ಮಗನ ನಂಬರ್ ಎಷ್ಟನೆಯದು ಅಂತ ಲಿಖಿತವಾಗಿ ತೆಗೆದುಕೊಳ್ಳಿ. ನಾಳೆಯೇ ಹೋಗಿ, ಶಾಲೆ ಶುರುವಾಗುವ ತನಕ ಕಾಯಬೇಡಿ.